ಹವಳದ ತೊಟ್ಟಿಗೆ ದೀಪ: ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿನಿಂದ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿನ ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ವರ್ಷದಲ್ಲಿ ಎರಡು ಬಾರಿ, ಅಂದರೆ ಏಪ್ರಿಲ್ ಕೊನೆ ಅಥವಾ ಮೇ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ, ಮಧ್ಯಾಹ್ನ 12.20ರಿಂದ 12.35ರ ನಡುವೆ ಅದರ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಸೂರ್ಯ ಆಗ ನೆತ್ತಿಯ ಮೇಲೆಯೇ ಇರುತ್ತಾನೆ. ಇದೇ ಶೂನ್ಯ ನೆರಳಿನ ದಿನ. ಅನೇಕ ಶಿಕ್ಷಕರು ಈ ಪ್ರಯೋಗವನ್ನು ಮಕ್ಕಳಿಂದ ಮಾಡಿಸಿರಬಹುದು.

ಈ ತಾಲ್ಲೂಕುಗಳಿಂದ ಸಮುದ್ರಕ್ಕೆ ನೇರ ಗೆರೆಯಲ್ಲಿ ಅಳೆದರೂ 150 ಕಿ.ಮೀ.ಗಿಂತ ಹೆಚ್ಚು ದೂರ. ಆದರೆ ನಮ್ಮ ನೆತ್ತಿಯ ಮೇಲೆ ಹಾಯುವ ಸೂರ್ಯನೇ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಮೇಲೂ ಹೆಚ್ಚು ಕಡಿಮೆ ಅದೇ ಎತ್ತರದಲ್ಲಿ ಹಾಯುತ್ತಾನೆ. ನೇತ್ರಾಣಿಯ ಸುತ್ತಲಿನ ತಿಳಿನೀರಿನಲ್ಲಿ ಹವಳಗಳು ಬೆಳೆಯುತ್ತವೆ. ಅಂಥ ಸಮುದ್ರದ ಒಂದು ತುಣುಕನ್ನು ಕಟ್ಟಡದೊಳಗಿನ ಗಾಜಿನ ತೊಟ್ಟಿಯಲ್ಲಿ ಇರಿಸಿದರೆ ಈ ಸೂರ್ಯನ ಬದಲಿಗೆ ಏನನ್ನು ಇಡಬೇಕು? ಎಲ್ಲಿ ಇಡಬೇಕು? ಸುಲಭವೆಂದು ತೋರುವ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಸುಮಾರು ನೂರೈವತ್ತು ವರ್ಷಗಳು ಬೇಕಾದವು.

ಬೆಳಕು ಕಟ್ಟಿದ ಕಲ್ಲು

ಕೂಡ್ಲಿಗಿಗೆ ನೆರೆಯ ಸಂಡೂರಿನ ಬೆಟ್ಟಸಾಲನ್ನು ಕಬ್ಬಿಣದ ಅದಿರಿಗಾಗಿ ಎಲ್ಲರೂ ಬಲ್ಲರು. ಅಲ್ಲಿನ ಪುರಾತನ ಶಿಲಾವಲಯದ ಕಾರ್ಬೊನೇಟ್ ಕಲ್ಲುಗಳಲ್ಲಿ ಸುಮಾರು 260 ಕೋಟಿ ವರ್ಷ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳಿರುವುದನ್ನು 1984ರಲ್ಲಿ ಭೂವಿಜ್ಞಾನಿಗಳು ವರದಿ ಮಾಡಿದರು. ಸ್ಟ್ರೊಮ್ಯಾಟೊಲೈಟ್ ಎಂದರೆ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಚಾಪೆಗಳು ಪದರ ಪದರವಾಗಿ ಕಟ್ಟಿದ ಕಲ್ಲು. ಚಾಪೆಯ ಮೇಲೆ ಕೆಸರು ಕುಳಿತು ಬೆಳಕು ತಪ್ಪಿದರೆ, ಜೀವಿಗಳು ಬೆಳಕಿನತ್ತ ಮೇಲೇರಿ ಹೊಸ ಚಾಪೆ ಹಾಸುತ್ತವೆ. ಹಳೆಯದು ಕೆಳಗೆ ಕಲ್ಲಾಗಿ ಉಳಿಯುತ್ತದೆ.

ಇವು ಹವಳಗಳಲ್ಲ. ಹವಳವೆಂಬ ಪ್ರಾಣಿ ಭೂಮಿಯ ಮೇಲೆ ಬರಲು ಇನ್ನೂ ಇನ್ನೂರು ಕೋಟಿ ವರ್ಷಗಳೇ ಬೇಕಿದ್ದವು. ಆದರೂ ಎರಡರ ಹಿಂದಿರುವ ಸೂತ್ರ ಒಂದೇ: ಆಳವಿಲ್ಲದ ಸಮುದ್ರದಲ್ಲಿ ಸುಣ್ಣದ ಕಲ್ಲನ್ನು ಕಟ್ಟುವ ಜೀವಿಗಳಿಗೆ ಶಕ್ತಿ ಬರುವುದು ಮೇಲಿನಿಂದ ಬೀಳುವ ಬೆಳಕಿನಿಂದ. ಮತ್ಸ್ಯಾಲಯ ಕಟ್ಟಿದ ಮೊದಲಿಗರಿಗೆ ಹವಳದ ವಿಷಯದಲ್ಲಿ ಈ ಸೂತ್ರ ತಿಳಿದಿರಲಿಲ್ಲ.

ನೋಡುವವರಿಗಾಗಿ ಬೆಳಕು

ಲಂಡನ್ನಿನ ರೀಜೆಂಟ್ ಪಾರ್ಕಿನ ಮೃಗಾಲಯದಲ್ಲಿ 1853ರಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಜನಪ್ರಿಯವಾಯಿತು. ಮೃಗಾಲಯದ ಆ ಕಟ್ಟಡ ಗಾಜಿನ ಮನೆಯಂತಿತ್ತು. ತೊಟ್ಟಿಗಳಿಗೆ ಬೆಳಕು ಮೇಲಿನಿಂದಲೂ ಬದಿಗಳಿಂದಲೂ ಬೀಳುತ್ತಿತ್ತು. ಹೀಗೆ ಎಲ್ಲ ಕಡೆಯಿಂದ ಬೆಳಕು ಬಿದ್ದರೆ ನೀರು ಬಿಸಿಯಾಗುತ್ತದೆ, ಗಾಜಿನ ಒಳಮೈಗೆ ಹಸಿರು ಪಾಚಿ ಹತ್ತುತ್ತದೆ.

ನಿಜವಾದ ಸಮುದ್ರದಲ್ಲಿ ಬದಿಯಿಂದ ಬೆಳಕು ಬರುವುದಿಲ್ಲ, ಮೇಲ್ಮೈಯನ್ನು ಹಾದೇ ಬರಬೇಕು ಎಂಬುದನ್ನು ಕೆಲವರು ಬೇಗನೆ ಗಮನಿಸಿದರು. ಅವರಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಮುಖ್ಯರು. 1864ರ ಹ್ಯಾಂಬರ್ಗ್ ಮತ್ಸ್ಯಾಲಯ, 1871ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯ ಇವರ ಕೆಲಸದಿಂದ ರೂಪುಗೊಂಡವು. ಇಂಥ ಮತ್ಸ್ಯಾಲಯಗಳಲ್ಲಿ ನೋಡುವವರು ನಿಲ್ಲುವ ಓಣಿ ಕತ್ತಲು. ಬೆಳಕು ತೊಟ್ಟಿಯ ಮೇಲಿನಿಂದ ಮಾತ್ರ. ಇಂದಿಗೂ ದೊಡ್ಡ ಮತ್ಸ್ಯಾಲಯಗಳಲ್ಲಿ ನಡೆದುಬರುವ ಪದ್ಧತಿ ಇದೇ.

ಈ ಅಲೆ ನಮ್ಮ ಕಡೆಗೂ ಬಂತು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಜನರಿಗೆ ರಾಜಧಾನಿ ಎಂದರೆ ಮದರಾಸು. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಅವರ ಸಲಹೆಯಂತೆ 1909ರಲ್ಲಿ ಮರೀನಾ ಕಡಲತಡಿಯಲ್ಲಿ ಮತ್ಸ್ಯಾಲಯ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಮುಂಬಯಿಯಲ್ಲಿ ತಾರಾಪೊರೆವಾಲಾ ಮತ್ಸ್ಯಾಲಯ (1951) ಆರಂಭವಾಗಿತ್ತು.

ಈ ಎಲ್ಲ ಕಡೆಗಳಲ್ಲಿಯೂ ಬೆಳಕಿನ ಉದ್ದೇಶ ಒಂದೇ: ಮೀನು ಜನರಿಗೆ ಚೆನ್ನಾಗಿ ಕಾಣಬೇಕು. ಮೀನಿಗೆ ಅಷ್ಟು ಸಾಕು, ಹವಳಕ್ಕೆ ಸಾಲದು. ಏಕೆ ಸಾಲದು ಎಂಬುದು ಬೇರೆ ಕಡೆ ನಡೆದ ಸಂಶೋಧನೆಗಳಿಂದ ತಿಳಿಯಬೇಕಾಯಿತು.

ಪ್ರಾಣಿಯೊಳಗಿನ ತೋಟ

1880ರ ದಶಕದ ಆರಂಭದಲ್ಲಿ ಜರ್ಮನಿಯ ಕಾರ್ಲ್ ಬ್ರಾಂಟ್ ಕೆಲವು ಪ್ರಾಣಿಗಳ ಜೀವಕೋಶಗಳೊಳಗೆ ಕಾಣುವ ಹಳದಿ-ಕಂದು ಕಣಗಳು ಪ್ರಾಣಿಯ ಭಾಗಗಳಲ್ಲ, ಬೇರೆಯೇ ಆದ ಏಕಕೋಶ ಶೈವಲಗಳು ಎಂದು ಗುರುತಿಸಿದರು. ಇವುಗಳಿಗೆ ಜೂಜ್ಯಾಂತೆಲ್ಲೆ ಎಂಬ ಹೆಸರು ಬಂತು. ದಿಬ್ಬ ಕಟ್ಟುವ ಹವಳಗಳಲ್ಲಿ ಇವು ತುಂಬಿರುತ್ತವೆ.

1928–29ರಲ್ಲಿ ಸಿ.ಎಂ. ಯಂಗ್ ನೇತೃತ್ವದ ತಂಡ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ದಿಬ್ಬದ ಲೋ ದ್ವೀಪಗಳಲ್ಲಿ ಬೀಡುಬಿಟ್ಟು, ಹವಳಗಳನ್ನು ಬೆಳಕು ಹೋಗದ ಪೆಟ್ಟಿಗೆಗಳಲ್ಲಿ ಇರಿಸಿತು. ಹವಳಗಳು ಶೈವಲಗಳನ್ನು ಕಳೆದುಕೊಂಡು ಬಿಳಿಚಿಕೊಂಡವು. ಆದರೆ ಆಹಾರ ಕೊಟ್ಟಾಗ ತಿಂಗಳುಗಟ್ಟಲೆ ಬದುಕಿದವು. ಹಾಗಾಗಿ ಹವಳಕ್ಕೆ ಶೈವಲದಿಂದ ಆಹಾರ ಸಿಗುವುದಿಲ್ಲ ಎಂಬ ತೀರ್ಮಾನಕ್ಕೆ ಯಂಗ್ ಬಂದರು. ಪ್ರಯೋಗ ಸರಿ ಇತ್ತು, ತೀರ್ಮಾನ ತಪ್ಪಾಗಿತ್ತು. ಬದುಕಿರುವುದು ಬೇರೆ, ಬೆಳೆಯುವುದು ಬೇರೆ!

ತಿದ್ದುಪಡಿ ಬಂದದ್ದು ವಿಕಿರಣಪಟು ಪರಮಾಣುಗಳ ನೆರವಿನಿಂದ. 1958ರಲ್ಲಿ ಮಸ್ಕಟೀನ್ ಮತ್ತು ಹ್ಯಾಂಡ್ ಕಾರ್ಬನ್-14 ಬಳಸಿ, ಶೈವಲ ತಯಾರಿಸಿದ ಆಹಾರ ಅದರ ಆಶ್ರಯದಾತ ಕಡಲಹೂವಿನ ಅಂಗಾಂಶಕ್ಕೆ ಸಾಗುವುದನ್ನು ತೋರಿಸಿದರು. ಜಮೈಕದಲ್ಲಿ ಥಾಮಸ್ ಗೋರೊ ಕ್ಯಾಲ್ಸಿಯಂ-45 ಬಳಸಿ, ಹವಳ ಕತ್ತಲಿನಲ್ಲಿ ಕಟ್ಟುವುದಕ್ಕಿಂತ ಹಲವು ಪಟ್ಟು ವೇಗವಾಗಿ ಬೆಳಕಿನಲ್ಲಿ ಸುಣ್ಣ ಕಟ್ಟುತ್ತದೆಂದು 1959ರಲ್ಲಿ ಪ್ರಕಟಿಸಿದರು. ಹವಳ ಪ್ರಾಣಿಯೇ ಹೌದು; ಆದರೆ ಅದರೊಳಗೆ ಒಂದು ತೋಟವಿದೆ. ತೋಟಕ್ಕೆ ಬೇಕಾದಷ್ಟು ಬೆಳಕು ಅದಕ್ಕೂ ಬೇಕು.

ಬೇಕಾದದ್ದು ಎಷ್ಟು? ಉಷ್ಣವಲಯದ ಮಟಮಟ ಮಧ್ಯಾಹ್ನ ನೆಲದ ಮೇಲೆ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಚೆನ್ನಾಗಿ ಬೆಳಗಿದ ತರಗತಿಯಲ್ಲಿ ಇರುವುದು 300ರಿಂದ 500 ಲಕ್ಸ್. ಓದಲು ಸಾಕಾಗುವ ಬೆಳಕಿನಲ್ಲಿ ಹವಳ ಏಕೆ ಸೊರಗುತ್ತದೆಂದು ಈ ಎರಡು ಅಂಕಿಗಳೇ ಹೇಳುತ್ತವೆ.

ಸೂರ್ಯನನ್ನೇ ನೆಚ್ಚಿದವರು

ಪ್ರಬಲ ದೀಪಗಳು ಬರುವ ಮುನ್ನ ಹವಳ ಸಾಕುವುದರಲ್ಲಿ ಗೆದ್ದವರು ಸೂರ್ಯನನ್ನೇ ನೆಚ್ಚಿದವರು. ರೆನೆ ಕತಾಲಾ 1956ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯದ ನೂಮಿಯಾದಲ್ಲಿ ಮತ್ಸ್ಯಾಲಯ ಆರಂಭಿಸಿ, ಸಮುದ್ರದ ನೀರು ಮತ್ತು ಹಗಲಿನ ಬೆಳಕಿನಲ್ಲಿ ಹವಳಗಳನ್ನು ಉಳಿಸಿಕೊಂಡರು. ಆಳದ ಹವಳಗಳ ಮೇಲೆ ಅತಿನೇರಳೆ ಬೆಳಕು ಹಾಯಿಸಿದಾಗ ಅವು ಹಸಿರು, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಪ್ರತಿದೀಪ್ತಿ ಬೀರುವುದನ್ನು ಜಗತ್ತಿಗೆ ತೋರಿಸಿದವರೂ ಅವರೇ. ಇಂಡೊನೇಷ್ಯದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಬಿಸಿಲು ಬೀಳುವ ತೊಟ್ಟಿ, ದಿಬ್ಬದಿಂದ ತಂದ ಜೀವಂತ ಕಲ್ಲು, ಗಾಳಿಗುಳ್ಳೆ – ಇಷ್ಟರಿಂದಲೇ ಹವಳ ಬೆಳೆಸಿದ್ದನ್ನು 1961ರಲ್ಲಿ ಬರೆದರು. ಆದರೆ ನೂಮಿಯಾ, ಜಕಾರ್ತಗಳ ಸೂರ್ಯ ಬರ್ಲಿನ್ನಿಗೆ ಸಿಗುವುದಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನವೂ ಸೂರ್ಯ ದಿಗಂತದ ಬಳಿಯೇ ಸುಳಿದಾಡುವ ಊರುಗಳಲ್ಲಿ ದೀಪವೇ ಗತಿ. ನಮ್ಮ ಶೀರ್ಷಿಕೆಯ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ದೂರದ ಲೆಕ್ಕ

1960ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಮೆಟಲ್ ಹ್ಯಾಲೈಡ್ ದೀಪಗಳನ್ನು ಆಟದ ಮೈದಾನಗಳಿಗೂ ಕಾರ್ಖಾನೆಗಳಿಗೂ ಬಳಸುತ್ತಿದ್ದರು. 1980ರ ದಶಕದಲ್ಲಿ ಬರ್ಲಿನ್ನಿನ ಹವ್ಯಾಸಿಗಳು ಇವನ್ನು ಹವಳದ ತೊಟ್ಟಿಗಳ ಮೇಲೆ ತೂಗುಹಾಕಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ 1980ರಲ್ಲೇ ದೀಪದ ಬೆಳಕಿನಡಿ ಜೀವಂತ ಹವಳದ ದಿಬ್ಬದ ಮಾದರಿಯನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಬೆಳಕಿನ ಪ್ರಮಾಣದ ಸಮಸ್ಯೆ ನೀಗಿತು. ದೀಪದ ಸ್ಥಾನದ ಸಮಸ್ಯೆ ಎದುರಾಯಿತು.

ಪ್ರೌಢಶಾಲೆಯ ವಿಲೋಮ ವರ್ಗ ನಿಯಮವನ್ನು ನೆನಪಿಸಿಕೊಳ್ಳಿ. ಬಿಂದು ಆಕರದಿಂದ ದೂರ ಎರಡರಷ್ಟಾದರೆ ಬೆಳಕಿನ ತೀವ್ರತೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ನೀರಿನಿಂದ 30 ಸೆಂ.ಮೀ. ಎತ್ತರದಲ್ಲಿ ಒಂದು ದೀಪವಿದೆ ಎನ್ನಿ. 20 ಸೆಂ.ಮೀ. ಆಳದ ಹವಳಕ್ಕೆ ದೀಪದಿಂದ ದೂರ 50 ಸೆಂ.ಮೀ.; 100 ಸೆಂ.ಮೀ. ಆಳದ ಹವಳಕ್ಕೆ 130 ಸೆಂ.ಮೀ. ಮೇಲಿನದಕ್ಕೆ ಕೆಳಗಿನದಕ್ಕಿಂತ ಸುಮಾರು 6.8 ಪಟ್ಟು ಹೆಚ್ಚು ಬೆಳಕು. ಮೇಲಿನದು ಸುಡುತ್ತದೆ, ಕೆಳಗಿನದು ಹಸಿಯುತ್ತದೆ. ಈಗ ದೀಪವನ್ನು 150 ಸೆಂ.ಮೀ. ಎತ್ತರಕ್ಕೆ ಏರಿಸಿ. ದೂರಗಳು 170 ಮತ್ತು 250 ಸೆಂ.ಮೀ. ಆಗುತ್ತವೆ, ವ್ಯತ್ಯಾಸ 2.2 ಪಟ್ಟಿಗೆ ಇಳಿಯುತ್ತದೆ. (ವಕ್ರೀಭವನ, ನೀರಿನ ಹೀರಿಕೆ, ಗೋಡೆಗಳ ಪ್ರತಿಫಲನ ಇವನ್ನು ಬಿಟ್ಟ ಸರಳ ಲೆಕ್ಕ ಇದು.)

ದೀಪ ದೂರ ಸರಿದಷ್ಟೂ ಸೂರ್ಯನಂತಾಗುತ್ತದೆ. ಸೂರ್ಯ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿರುವುದರಿಂದ ಒಂದು ಮೀಟರ್ ಮೇಲೆ ಕೆಳಗೆ ಎಂಬುದಕ್ಕೆ ಅಲ್ಲಿ ಅರ್ಥವೇ ಇಲ್ಲ. ಆದರೆ ಇದಕ್ಕೆ ಬೆಲೆ ತೆರಬೇಕು. ಮೇಲೇರಿಸಿದ ದೀಪದಿಂದ ಮೇಲಿನ ಹವಳಕ್ಕೆ ಮೊದಲಿನಷ್ಟೇ ಬೆಳಕು ಬೇಕೆಂದರೆ ಸುಮಾರು 12 ಪಟ್ಟು ಪ್ರಬಲ ದೀಪ ಬೇಕು. ಅಷ್ಟು ವಿದ್ಯುತ್ತು, ಅಷ್ಟು ಶಾಖ! ಹಾಗಾಗಿಯೇ ದೊಡ್ಡ ತೊಟ್ಟಿಗಳಲ್ಲಿ ದೀಪದ ಹಿಂದೆ ಪ್ರತಿಫಲಕ ಇಟ್ಟು ಕಿರಣಗಳನ್ನು ಕೆಳಮುಖ ಮಾಡುವುದು ಅನಿವಾರ್ಯವಾಯಿತು. ಬಿಸಿ ಗಾಜಿಗೆ ಉಪ್ಪುನೀರು ಸಿಡಿದರೆ ದೀಪ ಒಡೆಯುವ ಅಪಾಯವಿರುವುದರಿಂದ ಕೆಳಗೆ ರಕ್ಷಕ ಗಾಜೂ ಬೇಕು. ಆ ಗಾಜು ಹಾನಿಕರ ಅತಿನೇರಳೆ ಕಿರಣಗಳನ್ನೂ ತಡೆಯುತ್ತದೆ.

ನೀರಿನ ಮೇಲ್ಮೈ ಮತ್ತು ನೀರಿನ ಬಣ್ಣ

ದೀಪವನ್ನು ನೆತ್ತಿಯ ಮೇಲೇ ಇಡಬೇಕೆ, ಓರೆಯಾಗಿ ಇಟ್ಟರೆ ನಡೆಯುವುದೆ? ಬೆಳಕು ನೆಟ್ಟಗೆ ಬಿದ್ದರೆ ಶಾಂತ ನೀರಿನ ಮೇಲ್ಮೈ ಶೇಕಡಾ 2ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ. ಲಂಬದಿಂದ 60 ಡಿಗ್ರಿ ಓರೆಯಾದಾಗ ಅದು ಶೇಕಡಾ 6, 70 ಡಿಗ್ರಿಗೆ ಶೇಕಡಾ 13, 80 ಡಿಗ್ರಿಗೆ ಶೇಕಡಾ 35ರ ಸುಮಾರು. ಅಂದರೆ 60 ಡಿಗ್ರಿಯವರೆಗೆ ಹೆಚ್ಚಿನ ನಷ್ಟವಿಲ್ಲ. ಇನ್ನೊಂದು ಅನುಕೂಲವೂ ಇದೆ. ವಕ್ರೀಭವನದಿಂದಾಗಿ ಎಷ್ಟೇ ಓರೆಯಾಗಿ ಬಂದ ಕಿರಣವೂ ಶಾಂತ ನೀರಿನೊಳಗೆ ಲಂಬದಿಂದ ಸುಮಾರು 48–49 ಡಿಗ್ರಿಯೊಳಗೇ ಬಾಗುತ್ತದೆ.

ಓರೆ ಬೆಳಕು ಬೇಕೇ ಬೇಕು. ಮೇಜಿನಂತೆ ಹರಡಿ ಬೆಳೆಯುವ ಹವಳದ ಮೇಲೆ ಒಂದೇ ದೀಪ ನೆಟ್ಟಗೆ ಬಿದ್ದರೆ ಕೆಳಗಿನದೆಲ್ಲ ಸದಾ ನೆರಳಿನಲ್ಲಿರುತ್ತದೆ. ಆ ಭಾಗ ಕ್ರಮೇಣ ಸಾಯುತ್ತದೆ. ಸಮುದ್ರದಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗುವುದರಿಂದ ನೆರಳೂ ಸಾಗುತ್ತದೆ. ನಿಂತಲ್ಲೇ ನಿಲ್ಲುವ ದೀಪಕ್ಕೆ ಆ ಗುಣವಿಲ್ಲ. ಅದಕ್ಕೆ ಪರಿಹಾರ, ಬೇರೆ ಬೇರೆ ಕಡೆಗಳಿಂದ ಹಲವು ದೀಪಗಳನ್ನು ಅವುಗಳ ಬೆಳಕಿನ ವೃತ್ತಗಳು ಒಂದರ ಮೇಲೊಂದು ಬೀಳುವಂತೆ ಹೊಂದಿಸುವುದು.

ಇನ್ನು ಬಣ್ಣ. 1921ರಲ್ಲಿ ಬ್ರಿಟನ್ನಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ನಿಕಲ್ ಅಶ್ರಗದ ಮೂಲಕ ಸಮುದ್ರವನ್ನು ನೋಡಿ, ಆಕಾಶದ ಪ್ರತಿಬಿಂಬವನ್ನು ಅಡಗಿಸಿದರೂ ನೀಲಿ ಉಳಿಯುವುದನ್ನು ಕಂಡರು. ಆ ನೀಲಿ ನೀರಿನದೇ ಎಂದು 1922ರ ಪ್ರಬಂಧದಲ್ಲಿ ಅಣುಗಳ ಚದರಿಕೆಯಿಂದ ವಿವರಿಸಿದರು. ನೀರು ಕೆಂಪನ್ನು ಹೀರುವುದೂ ಇದರೊಂದಿಗೆ ಸೇರಿಕೊಳ್ಳುತ್ತದೆ. 700 ನ್ಯಾನೊಮೀಟರ್ ತರಂಗದೂರದ ಕಡುಗೆಂಪು ಒಂದೇ ಮೀಟರ್ ನೀರಿನಲ್ಲಿ ಸುಮಾರು ಅರ್ಧದಷ್ಟಾಗುತ್ತದೆ. 450 ನ್ಯಾನೊಮೀಟರ್‌ನ ನೀಲಿಯಲ್ಲಿ ಶೇಕಡಾ 1ರಷ್ಟು ಮಾತ್ರ ಕಡಿಮೆಯಾಗುತ್ತದೆ. ಹವಳದ ಶೈವಲಗಳು ನೀಲಿ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಲಕ್ಸ್ ಮಾಪಕ ಮಾತ್ರ ನಮ್ಮ ಕಣ್ಣಿನಂತೆ ಹಸಿರು-ಹಳದಿಗೆ ಹೆಚ್ಚು ಬೆಲೆ ಕೊಡುತ್ತದೆ. ಆದ್ದರಿಂದ ಹವಳದ ತೊಟ್ಟಿಗಳಲ್ಲಿ ಲಕ್ಸ್ ಬಿಟ್ಟು, ದ್ಯುತಿಸಂಶ್ಲೇಷಣೆಗೆ ಒದಗುವ ಫೋಟಾನುಗಳನ್ನೇ ಎಣಿಸುವ ಮಾಪಕವನ್ನು ನೀರಿನೊಳಗಿಳಿಸಿ ಅಳೆಯುತ್ತಾರೆ.

ದೊಡ್ಡ ತೊಟ್ಟಿಗಳ ಪಾಠ

ತೊಟ್ಟಿ ದೊಡ್ಡದಾದಂತೆ ಈ ಎಲ್ಲ ಸಂಗತಿಗಳೂ ಒಟ್ಟಿಗೆ ಎದುರಾಗುತ್ತವೆ. ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ 25 ಲಕ್ಷ ಲೀಟರಿನ ಹವಳದ ತೊಟ್ಟಿ ಆರಂಭವಾದಾಗ ಅದಕ್ಕೆ ಚಾವಣಿಯನ್ನೇ ಹಾಕಲಿಲ್ಲ. ಉಷ್ಣವಲಯದ ಸೂರ್ಯನೇ ದೀಪ. ನೆದರ್‌ಲೆಂಡ್ಸಿನ ಆರ್ನೆಮ್ ಊರಿನ ಬರ್ಗರ್ಸ್ ಮೃಗಾಲಯದಲ್ಲಿ 2000ದಲ್ಲಿ ತೆರೆದ 7.5 ಲಕ್ಷ ಲೀಟರಿನ ಹವಳದ ತೊಟ್ಟಿ 52 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ದೀಪಗಳಿಲ್ಲದೆ ಆಗದು. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೈನ್‌ಹಾರ್ಟ್ ಮತ್ಸ್ಯಾಲಯದಲ್ಲಿ 2008ರಲ್ಲಿ ತೆರೆದ, ಸುಮಾರು 8 ಲಕ್ಷ ಲೀಟರಿನ, ಏಳೂವರೆ ಮೀಟರ್ ಆಳದ ತೊಟ್ಟಿಯಲ್ಲಿ ಎರಡರ ಬೆರಕೆಯಿದೆ: ಗುಮ್ಮಟದ ಕಿಂಡಿಗಳಿಂದ ಹಗಲು, ಜೊತೆಗೆ ಪ್ರಬಲ ದೀಪಗಳು. ಇಷ್ಟು ಆಳದಲ್ಲಿ ಎಲ್ಲ ಹವಳಕ್ಕೂ ಒಂದೇ ಬೆಳಕು ಕೊಡಲಾಗದು; ಕೊಡಬೇಕಾಗಿಯೂ ಇಲ್ಲ. ಸಮುದ್ರದಲ್ಲಿ ಇರುವಂತೆ ಬಿಸಿಲು ತಾಳುವ ಜಾತಿಗಳನ್ನು ಮೇಲೆ, ಮಬ್ಬು ಬೆಳಕಿನವನ್ನು ಕೆಳಗೆ ಇಡುತ್ತಾರೆ. ದೀಪದ ಸ್ಥಾನ ನಿರ್ಧರಿಸುವುದೆಂದರೆ ಹವಳದ ಸ್ಥಾನವನ್ನೂ ನಿರ್ಧರಿಸಿದಂತೆ.

ಬೆಳಕು ಹೆಚ್ಚಾದರೂ ಕೇಡೇ. ಮಬ್ಬಿನಲ್ಲಿ ಬೆಳೆದ ಹವಳವನ್ನು ಥಟ್ಟನೆ ಪ್ರಖರ ದೀಪದಡಿ ತಂದರೆ ಶೈವಲದಲ್ಲಿ ಹಾನಿಕರ ಆಕ್ಸಿಜನ್ ರೂಪಗಳು ಹುಟ್ಟುತ್ತವೆ. ಹವಳ ಶೈವಲವನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬೆಚ್ಚಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಹೊಸ ದೀಪವನ್ನು ಮೊದಲು ಎತ್ತರದಲ್ಲಿಟ್ಟು ವಾರಗಟ್ಟಲೆ ಕ್ರಮೇಣ ಇಳಿಸುವುದು ರೂಢಿ. 1998ರಲ್ಲಿ ಲಕ್ಷದ್ವೀಪವೂ ಸೇರಿದಂತೆ ಜಗತ್ತಿನ ದಿಬ್ಬಗಳನ್ನು ಬಿಳಿಚಿಸಿದ್ದು ಬೆಚ್ಚಗಾದ ಸಮುದ್ರ. ಅಂಥ ನಾಲ್ಕನೆಯ ಜಾಗತಿಕ ಘಟನೆಯನ್ನು 2024ರಲ್ಲಿ ದೃಢಪಡಿಸಲಾಯಿತು. ತೊಟ್ಟಿಯಲ್ಲಿ ದೀಪವನ್ನು ಮೇಲೆತ್ತಬಹುದು. ಸಮುದ್ರದ ಮೇಲಿನ ಸೂರ್ಯನನ್ನು ಯಾರೂ ಮೇಲೆತ್ತಲಾರರು.

ದೀಪವೇ ಸೂರ್ಯ, ದೀಪವೇ ಚಂದ್ರ

1993ರಲ್ಲಿ ಜಪಾನಿನ ಶುಜಿ ನಕಮುರ ಪ್ರಬಲ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದರು. ಅಕಸಾಕಿ, ಅಮಾನೊ ಅವರೊಂದಿಗೆ 2014ರ ನೊಬೆಲ್ ಪಾರಿತೋಷಕ ಈ ಕೆಲಸಕ್ಕೆ ಸಂದಿತು. ನೀಲಿಯನ್ನೇ ಬೇಡುವ ಹವಳಕ್ಕೆ ಇದು ಹೇಳಿ ಮಾಡಿಸಿದ ದೀಪ. ಚಿಕ್ಕ ಮಸೂರದಿಂದ ಬೆಳಕನ್ನು ಬೇಕಾದ ಕೋನಕ್ಕೆ ತಿರುಗಿಸಬಹುದು, ಬೇಕಾದಷ್ಟು ಮಂದ ಮಾಡಬಹುದು. ಆದರೆ ಚಿಕ್ಕ ಆಕರದ ನೆರಳು ಹರಿತ, ಮಸೂರ ಕಿರಿದಾದರೆ ಬೆಳಕು ಒಂದೆಡೆ ಗುಂಪಾಗುತ್ತದೆ. ಹಾಗಾಗಿ ಹಲವು ದೀಪಗಳನ್ನು ಹರಡಿ ಇಡಬೇಕೆಂಬ ಹಳೆಯ ಪಾಠ ಇಲ್ಲಿಯೂ ತಪ್ಪಲಿಲ್ಲ.

ಮಂದ ಮಾಡುವ ಈ ಗುಣದಿಂದ ಒಂದು ಹೊಸ ಬಾಗಿಲು ತೆರೆಯಿತು. ಅನೇಕ ಹವಳಗಳು ವರ್ಷದ ಕೆಲವೇ ರಾತ್ರಿಗಳಲ್ಲಿ, ಋತು ಮತ್ತು ಚಂದ್ರನ ಕಲೆಗಳನ್ನು ಅನುಸರಿಸಿ, ಒಮ್ಮೆಗೇ ಅಂಡ-ವೀರ್ಯಾಣುಗಳನ್ನು ನೀರಿಗೆ ಬಿಡುತ್ತವೆ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ದೂರದ ದಿಬ್ಬವೊಂದರ ಸೂರ್ಯೋದಯ, ಸೂರ್ಯಾಸ್ತ, ಬೆಳದಿಂಗಳು, ನೀರಿನ ತಾಪ ಎಲ್ಲವನ್ನೂ ತೊಟ್ಟಿಯ ಮೇಲೆ ಅನುಕರಿಸಿ, ಹವಳಗಳು ಅಲ್ಲಿಯೇ ಸಂತಾನಕ್ಕೆ ತೊಡಗುವಂತೆ ಮಾಡಿದರು. ಇದರ ವಿವರ 2017ರಲ್ಲಿ ಪ್ರಕಟವಾಯಿತು. 2019ರಲ್ಲಿ ಅಮೆರಿಕದ ಫ್ಲಾರಿಡ ಮತ್ಸ್ಯಾಲಯ ಅವರ ನೆರವಿನಿಂದ, ಅಳಿವಿನಂಚಿನ ಕಂಬ ಹವಳವನ್ನು ಇದೇ ರೀತಿ ಸಂತಾನಕ್ಕೆ ತಂದಿತು. ಕೆಲವು ಜಾತಿಗಳ ಮಟ್ಟಿಗೆ ತೊಟ್ಟಿಯ ದೀಪ ಈಗ ಅಲಂಕಾರವಲ್ಲ, ಉಳಿವಿನ ಸಾಧನ.

ನೀವೂ ಮಾಡಿ ನೋಡಿ

ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಅವನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧ. ಆದರೆ ಈ ಚರಿತ್ರೆಯ ಹಿಂದಿರುವ ವಿಜ್ಞಾನವನ್ನು ಪರೀಕ್ಷಿಸಲು ಹವಳ ಬೇಕಿಲ್ಲ.

ಬಿಳಿ ಕಾಗದದ ನಡುವೆ ಒಂದು ಹನಿ ಎಣ್ಣೆ ಹಾಕಿ. ಕತ್ತಲೆ ಕೋಣೆಯಲ್ಲಿ ಕಾಗದದ ಒಂದು ಬದಿಗೆ 50 ಸೆಂ.ಮೀ. ದೂರದಲ್ಲಿ ಒಂದು ಬಲ್ಬು, ಇನ್ನೊಂದು ಬದಿಗೆ 1 ಮೀಟರ್ ದೂರದಲ್ಲಿ ಅಂಥವೇ ಬಲ್ಬುಗಳನ್ನು ಒಂದೊಂದಾಗಿ ಹಚ್ಚುತ್ತ ಹೋಗಿ. ನಾಲ್ಕನೆಯದು ಹತ್ತಿದಾಗ ಎಣ್ಣೆಯ ಕಲೆ ಹೆಚ್ಚು ಕಡಿಮೆ ಮಾಯವಾಗುತ್ತದೆ. ವಿಲೋಮ ವರ್ಗ ನಿಯಮ ಕಣ್ಣೆದುರೇ ಇದೆ.

ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆಯನ್ನು ಇಳಿಸಿ, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದರು. ಹಗರಿಬೊಮ್ಮನಹಳ್ಳಿ, ಹಡಗಲಿಗಳ ಕಡೆಯವರಿಗೆ ತುಂಗಭದ್ರೆಯ ಹಿನ್ನೀರು ಹತ್ತಿರವೇ ಇದೆ. ಶಿಕ್ಷಕರ ಜೊತೆಯಲ್ಲಿ, ಸುರಕ್ಷಿತ ಸ್ಥಳದಿಂದ, ಭಾರ ಕಟ್ಟಿದ ಬಿಳಿ ತಟ್ಟೆಯನ್ನು ಗಂಟು ಹಾಕಿದ ಹಗ್ಗದಲ್ಲಿ ಇಳಿಸಿ ನೋಡಿ. ಮಳೆಗಾಲದ ಕೆಂಪು ನೀರಿಗೂ ಚಳಿಗಾಲದ ತಿಳಿನೀರಿಗೂ ಇರುವ ಅಂತರವನ್ನು ಬರೆದಿಡಿ. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೋ ಅಷ್ಟು ಆಳದವರೆಗೆ ಮಾತ್ರ ನೀರಿನಲ್ಲಿ ಹಸಿರು ಬೆಳೆಯುತ್ತದೆ.

ಮುಂದಿನ ಶೂನ್ಯ ನೆರಳಿನ ದಿನ ಅಂಗಳದಲ್ಲಿ ಕೋಲು ನೆಟ್ಟಾಗ ಪಕ್ಕದಲ್ಲಿ ನೀರು ತುಂಬಿದ ಗಾಜಿನ ಪಾತ್ರೆಯೊಂದನ್ನೂ ಇಡಿ. ಬೆಳಿಗ್ಗೆ, ನಡುಹಗಲು, ಸಂಜೆ ಅದರ ತಳದಲ್ಲಿ ಬೆಳಕು ಎಲ್ಲೆಲ್ಲಿ ಬೀಳುತ್ತದೆಂದು ಗುರುತಿಸಿ. ತೊಟ್ಟಿಯ ಮೇಲೆ ದೀಪ ಹೊಂದಿಸುವವರು ಅನುಕರಿಸಲು ಹೆಣಗುವುದು ಇದನ್ನೇ.